ತಿಪ್ಪೆಯಲ್ಲಿ ಹೂತಿಟ್ಟ ಡಬ್ಬಿ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಕಲಘಟಗಿ ತಾಲ್ಲೂಕಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಉಳಿದುಕೊಂಡಿದ್ದು ದೇವಿಕೊಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ, ಒಕ್ಕಲುತನದ ಮನೆಯೊಂದರ ಪಡಸಾಲೆಗೆ ಅಂಟಿಕೊಂಡಿದ್ದ ಕೋಣೆಯಲ್ಲಿ. ಕಲಿಸುವುದರ ಜೊತೆಗೆ ಧಾರವಾಡದಲ್ಲಿ ಪಿಎಚ್‌.ಡಿ.ಗೆ ಹೆಸರು ಹಚ್ಚಿದ್ದೆ. ನನ್ನ ವಿಷಯ ಬೂಷ್ಟು. ಅದೂ ಬಿಸಿಯಲ್ಲಿ ಮಾತ್ರ ಬೆಳೆಯುವ ಬೂಷ್ಟು. ಮದುವೆ ಮನೆಗಳಲ್ಲಿ ಯಾರಾದರೂ ಏನು ಓದುತ್ತಿದ್ದೀಯವ್ವಾ ಎಂದು ಕೇಳಿದರೆ ನಾನು ಸುಮ್ಮನೆ 'ಸೈನ್ಸ್' ಎಂದು ಹೇಳಿ ಊಟದ ಪಂಕ್ತಿಯ ಕಡೆ ನಡೆದುಬಿಡುತ್ತಿದ್ದೆ.

ರೊಟ್ಟಿಗೆ, ಉಪ್ಪಿನಕಾಯಿಗೆ ಹತ್ತುವ ಸಾಮಾನ್ಯ ಬೂಷ್ಟು ತಂಪು ಬಯಸುತ್ತದೆ, ಕಾವು ಹೆಚ್ಚಾದರೆ ಸಾಯುತ್ತದೆ. ಆದರೆ ಬೆರಳೆಣಿಕೆಯಷ್ಟು ಜಾತಿಗಳಿಗೆ ಐವತ್ತು ಡಿಗ್ರಿ ಬಿಸಿಯೇ ಹಿತ. ಸಗಣಿ, ಹುಲ್ಲು, ಕಸ ಕೂಡಿ ಒಳಗೊಳಗೇ ಕಾಯುವ ತಿಪ್ಪೆಯಲ್ಲಿ ಅವು ಇರುತ್ತವೆ. ಹುಲ್ಲನ್ನು, ಹಿಟ್ಟನ್ನು ಕರಗಿಸಿ ತಿನ್ನಲು ಕಿಣ್ವ ಸುರಿಸುತ್ತವೆ. ಬಿಸಿಯಲ್ಲಿ ಬಾಳುವ ಜೀವದ ಕಿಣ್ವವಾದ್ದರಿಂದ ಅದು ಬಿಸಿನೀರಿನಲ್ಲೂ ಕೆಡುವುದಿಲ್ಲ. ನನ್ನ ಗೈಡ್ ಇದನ್ನು ವಿವರಿಸಿದ್ದು ಬಟ್ಟೆ ಗಿರಣಿಯ ಉದಾಹರಣೆಯಿಂದ. ನೇಯುವ ಮುಂಚೆ ನೂಲಿಗೆ ಗಂಜಿ ಹಾಕುತ್ತಾರೆ. ನೇಯ್ದ ಮೇಲೆ ಆ ಗಂಜಿ ಪೂರ್ತಿ ಹೋಗದಿದ್ದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಆಸಿಡ್ ಹಾಕಿದರೆ ನೂಲು ಸೊರಗುತ್ತದೆ. ಕುದಿಗೆ ಬಂದ ನೀರಿನಲ್ಲೂ ಗಂಜಿಯನ್ನು ಮಾತ್ರ ತಿಂದು ನೂಲನ್ನು ಬಿಡುವ ಕಿಣ್ವ ಸಿಕ್ಕರೆ ಗಿರಣಿಯವರಿಗೆ ಅದಕ್ಕಿಂತ ಹೆಚ್ಚಿನದೇನು ಬೇಕು? "ಎಲ್ಲೆಲ್ಲೋ ಹುಡುಕ್ತಾರ್ರೀ ಇದನ್ನ. ನೀವಿರೋ ಊರಾಗ ತಿಪ್ಪಿ ಇಲ್ಲೇನು?" ಎಂದು ಕೇಳಿದ್ದರು ಅವರು.

ತಿಪ್ಪೆ ಇತ್ತು. ನನ್ನ ಕೋಣೆಯ ಕಿಟಕಿ ತೆರೆದರೆ ಕಾಣುವುದೇ ಅದು. ಎರಡು ವರ್ಷ ಅದರ ಬೇರೆಬೇರೆ ಆಳದಿಂದ ಚಿಟಿಕೆ ಚಿಟಿಕೆ ಗೊಬ್ಬರ ತೆಗೆದು, ಒಂದೊಂದು ಬೂಷ್ಟನ್ನೂ ಬೇರೆ ಮಾಡಿ, ಅಂಕಿ ಕೊಟ್ಟು ಬೆಳೆಸಿದೆ. ಅದರಲ್ಲಿ ಹದಿನೇಳನೆಯದು ಎಲ್ಲಕ್ಕಿಂತ ಬೇರೆಯಾಗಿತ್ತು. ಮೊದಲು ಬಿಳಿ ಅರಳೆಯಂತೆ ಹರಡಿ, ಆಮೇಲೆ ಬೂದಾಗಿ, ಕೊನೆಗೆ ನೇರಳೆ ಮಿಶ್ರಿತ ಕಪ್ಪಾಗುತ್ತಿತ್ತು. ಬೂಷ್ಟು ಬೆಳೆಸಲು ಹಾಕುವ ಅಗರ್ ಎಂಬ ಲೋಳೆ ಅದರ ಕೆಳಗೆ ಕೆಂಪಗಾಗುತ್ತಿತ್ತು. ಗಂಜಿಯನ್ನು ಅದು ಕರಗಿಸುವ ವೇಗ ನೋಡಿ ಗೈಡ್ ಎರಡು ಸಲ ಲೆಕ್ಕ ತಪ್ಪಿದೆಯೇ ಎಂದು ಪರೀಕ್ಷಿಸಿದ್ದರು. ಅಲ್ಲಿಂದ ನನ್ನ ಇಡೀ ಪ್ರಬಂಧ ಹದಿನೇಳರ ಮೇಲೆ ನಿಂತಿತು.

ತೊಂದರೆ ಇದ್ದದ್ದು ಕರೆಂಟಿನದು. ಮರದ ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಕಾವು ಕೊಡುತ್ತಿದ್ದೆ. ಲೋಡ್ ಶೆಡ್ಡಿಂಗ್ ಬಂದರೆ ಪೆಟ್ಟಿಗೆ ತಣ್ಣಗಾಗಿ ಬೆಳವಣಿಗೆ ನಿಲ್ಲುತ್ತಿತ್ತು, ವಾರದ ಕೆಲಸ ಹಾಳಾಗುತ್ತಿತ್ತು. ಒಂದು ದಿನ ಅದೇ ಸಂಕಟದಲ್ಲಿ ಹಿತ್ತಲಲ್ಲಿ ನಿಂತಿದ್ದಾಗ ಮನೆಯ ಆಯಿ ಏನಾಯಿತು ಎಂದು ವಿಚಾರಿಸಿದಳು. ಆಯಿ ಎಂದರೆ ಆ ಮನೆಯ ಅಣ್ಣತಮ್ಮಂದಿರ ತಾಯಿ. ಗಂಡಸರಿಬ್ಬರೂ ಬೇರೆಯಾಗಿ, ಒಂದೇ ಮನೆಯ ನಡುವೆ ಗೋಡೆ ಎದ್ದಿತ್ತು. ತಿಪ್ಪೆಗುಂಡಿ ಮಾತ್ರ ಒಂದೇ ಉಳಿದಿತ್ತು, ಅದರ ನಡುವೆಯೂ ಕಲ್ಲಿನ ಸಾಲು. ನಾನಿದ್ದದ್ದು ಅಣ್ಣನ, ಅಂದರೆ ಹಿರಿಯರ ಪಾಲಿನಲ್ಲಿ.

"ಇದರಾಗಿಂದ ತಗದಿ ಅಂತೀ, ಇದಕ್ಕ ಬಿಸಿ ಬೇಕಂತೀ. ಮತ್ತ ಅಲ್ಲೇ ಇಡು," ಎಂದಳು ಆಯಿ. ಒಂದು ಕಬ್ಬಿಣದ ಸಳಿ ತಂದು ತಿಪ್ಪೆಗೆ ನಾಲ್ಕು ಕಡೆ ಚುಚ್ಚಿ, ಹೊರಗೆಳೆದು ಮಣಿಕಟ್ಟಿಗೆ ಮುಟ್ಟಿಸಿಕೊಂಡಳು. ಕಲ್ಲಿನ ಸಾಲಿಗೆ ಹತ್ತಿಕೊಂಡಿದ್ದ ಒಂದು ಜಾಗ ತೋರಿಸಿದಳು. "ಇಲ್ಲಿ ಕಾವು ಇಳಿಯೂದಿಲ್ಲ. ನಿನ್ನ ಬಲ್ಬಿಗಿಂತ ಚಲೋ."

ಥರ್ಮಾಮೀಟರ್ ಇಳಿಸಿ ನೋಡಿದೆ. ನನಗೆ ಬೇಕಾದಷ್ಟೇ ಇತ್ತು. ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ಒಂಬತ್ತು ತೂತು ಹೊಡೆದು, ಅರಳೆ ಬಿರಡೆ ಹಾಕಿದ ಆರು ಗಾಜಿನ ನಳಿಗೆಗಳನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಒಳಗಿಟ್ಟು ಹೂತೆ. ಮನೆಯವರಿಗೆ ಹೇಳಲೇ ಎಂದರೆ ಆಯಿ ಕೈ ಬೀಸಿದಳು. "ಅವರಿಗೆ ಹೇಳಿದ್ರ ಹತ್ತು ಪ್ರಶ್ನಿ ಕೇಳ್ತಾರ. ನಾ ಇದ್ದೀನಲ್ಲ." ಹೀಗೆ ಚಳಿಗಾಲ ಮುಗಿಯುವವರೆಗೂ ನನ್ನ ಕೆಲಸ ನಡೆಯಿತು. ಹೊಸ ನಳಿಗೆ ಇಡುವುದು, ಹಳೆಯದನ್ನು ತೆಗೆಯುವುದು, ಎಲ್ಲ ಬೆಳಿಗ್ಗೆ ದನ ಬಿಡುವ ಮುಂಚೆಯೇ ಆಗುತ್ತಿತ್ತು.

ಬೇಸಿಗೆ ರಜೆ ಬಂತು. ಅಳ್ನಾವರದಲ್ಲಿದ್ದ ಮಗಳಿಗೆ ಮೂರನೆಯ ಹೆರಿಗೆ, ಆಯಿ ಬಾಣಂತನ ಮಾಡಲು ಅಲ್ಲಿಗೆ ಹೋದಳು. ನಾನು ಧಾರವಾಡಕ್ಕೆ ಹೊರಟೆ. ಹತ್ತು ಹನ್ನೆರಡು ದಿನದಲ್ಲಿ ಬರುವವಳು. ಗೊಬ್ಬರ ಹೇರುವುದು ಇನ್ನೂ ತಡ ಎಂದು ಹಿರಿಯರು ಯಾರಿಗೋ ಹೇಳುವುದನ್ನು ಕೇಳಿ, ಡಬ್ಬಿಯನ್ನು ತಿಪ್ಪೆಯಲ್ಲೇ ಬಿಟ್ಟಿದ್ದೆ.

ಧಾರವಾಡದ ಲ್ಯಾಬಿನ ಫ್ರಿಜ್ಜಿನಲ್ಲಿ ಹದಿನೇಳರ ಇನ್ನೊಂದು ಸೆಟ್ಟು ಇಟ್ಟಿದ್ದೆ. ಬೇರೆ ಎಲ್ಲ ಬೂಷ್ಟುಗಳನ್ನೂ ಹಾಗೆಯೇ ಕಾಪಾಡುವ ರೂಢಿ. ಅದನ್ನು ತೆಗೆದು ಹೊಸ ಅಗರ್ ಮೇಲೆ ಹಚ್ಚಿ ಐವತ್ತು ಡಿಗ್ರಿಯಲ್ಲಿಟ್ಟೆ. ಮೂರು ದಿನವಾಯಿತು, ಐದು ದಿನವಾಯಿತು. ಏನೂ ಏಳಲಿಲ್ಲ. ಇನ್ನೊಂದು ನಳಿಗೆ, ಮತ್ತೊಂದು. ಎಲ್ಲವೂ ಸತ್ತಿದ್ದವು. ಬಿಸಿಯಲ್ಲೇ ಹುಟ್ಟಿ ಬೆಳೆದ ಜೀವವನ್ನು ನಾನು ತಿಂಗಳುಗಟ್ಟಲೆ ಥಂಡಿಯಲ್ಲಿಟ್ಟು ಕೊಂದಿದ್ದೆ.

"ನಿಮ್ಮ ಹಂತ್ಯಾಕ ಇನ್ನೊಂದು ಸೆಟ್ ಐತಲ್ಲ?" ಎಂದು ಗೈಡ್ ಕೇಳಿದರು.

"ಐತ್ರಿ ಸರ್. ಹಳ್ಳ್ಯಾಗ."

"ಬೆಚ್ಚಗ ಇಟ್ಟೀರಿಲ್ಲೋ?"

"ಅಗದಿ ಬೆಚ್ಚಗ ಐತ್ರಿ," ಎಂದೆ. ಎಲ್ಲಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಹಂಗಾರ ತಗೊಂಡು ಬರ್ರಿ. ಅದೊಂದು ಹೋದ್ರ ಎರಡು ವರ್ಷದ ಅಳತಿ ಎಲ್ಲಾ ಯಾವುದರದು ಅಂತ ತೋರಸ್ತೀರಿ?"

ಅದು ನನಗೂ ಗೊತ್ತಿತ್ತು. ಅದೇ ತಿಪ್ಪೆಯಿಂದ ಮತ್ತೆ ಹುಡುಕಬಹುದು, ಆದರೆ ಅದೇ ಹದಿನೇಳು ಸಿಗುತ್ತದೆಂಬ ಖಾತ್ರಿ ಇಲ್ಲ. ಮರುದಿನ ಮೊದಲ ಬಸ್ಸಿಗೆ ಹತ್ತಿದೆ. ದಾರಿಯುದ್ದಕ್ಕೂ ರಸ್ತೆಯ ಅಂಚಿನ ತಗ್ಗುಗಳಲ್ಲಿ ನೀರು ನಿಂತಿತ್ತು. ಹಿಂದಿನ ವಾರ ಎರಡು ದೊಡ್ಡ ಮಳೆ ಬಿದ್ದಿದ್ದವಂತೆ. ಅದರ ಅರ್ಥ ನನಗೆ ಹೊಳೆದದ್ದು ಬಸ್ಸಿಳಿದು ಮನೆಯ ಹಿತ್ತಲಿಗೆ ಬಂದು ನಿಂತಾಗ.

ತಿಪ್ಪೆಗುಂಡಿ ಖಾಲಿ ಇತ್ತು. ಮಳೆ ಬಿದ್ದದ್ದೇ ಗೊಬ್ಬರವನ್ನು ಹೊಲಕ್ಕೆ ಹೇರಿಬಿಟ್ಟಿದ್ದರು. ಕಲ್ಲಿನ ಸಾಲು ಮಾತ್ರ ಉಳಿದಿತ್ತು. ಗೋಡೆಗೆ ಆನಿಸಿಟ್ಟಿದ್ದ ಸಲಿಕೆಗಳಿಗೆ ಗೊಬ್ಬರ ಒಣಗಿ ಹತ್ತಿಕೊಂಡಿತ್ತು. ಕೈಯಲ್ಲಿದ್ದ ಚೀಲ ಕೆಳಗಿಡುವುದನ್ನೂ ಮರೆತು ನಾನು ಅಲ್ಲೇ ನಿಂತೆ.

ಹಿರಿಯ ವೈನಿ ಹೊರಗೆ ಬಂದಳು. ಅಣ್ಣನ ಹೆಂಡತಿ ಅವಳು, ನನಗೆ ದಿನಾ ಬಿಸಿರೊಟ್ಟಿ ಕೊಡುವವಳು. ಅವಳ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಒಳಗೆ ಕರೆದು ಚಹಾ ಕೊಟ್ಟು, ಬಾಗಿಲು ಮುಂದೆ ಮಾಡಿ ಹತ್ತಿರ ಕೂತಳು.

"ಅಕ್ಕೋರ, ನೀವು ಇದ್ದಿಲ್ಲ. ನಮ್ಮನ್ಯಾಗ ಏನಾಗೇತಿ ಗೊತ್ತೇನ್ರಿ? ಯಾರೋ ಮಾಟ ಮಾಡ್ಸ್ಯಾರ."

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

ಮೊನ್ನೆ ಗಾಡಿಗೆ ಗೊಬ್ಬರ ತುಂಬುವಾಗ ಸಲಿಕೆಗೆ ಡಬ್ಬಿಯೊಂದು ಹತ್ತಿತಂತೆ. ಬಿಚ್ಚಿದರೆ ಹೆಂಗಸಿನ ಸೀರೆಯ ತುಂಡು. ಅದರೊಳಗೆ ಗಾಜಿನ ನಳಿಗೆಗಳು, ನಳಿಗೆಯೊಳಗೆ ಕರಿಯ ಕೂದಲು, ತಳದಲ್ಲಿ ರಕ್ತ. "ರಕ್ತಾನ ಅಕ್ಕೋರ, ಹೆಪ್ಪುಗಟ್ಟೇತಿ. ಅವತ್ತಿಂದ ನನ್ನ ಮಗಳಿಗೆ ಜ್ವರ ಬಿಟ್ಟಿಲ್ಲ." ಅವಳು ಗೋಡೆಯ ಕಡೆ ಕಣ್ಣು ಮಾಡಿದಳು. ಗೋಡೆಯ ಆಚೆ ತಮ್ಮನ ಸಂಸಾರ. "ಕಲ್ಲಿನ ಬಾಜೂಕ ಇತ್ತು. ಆಕೀನ ಮಾಡ್ಸ್ಯಾಳ. ಓಣಿಯಾಗ ನಿಂತು ಕೇಳೇನಿ ನಾ, ಬಿಟ್ಟಿಲ್ಲ."

ಡಬ್ಬಿ ಎಲ್ಲಿ ಎಂದು ಕೇಳಿದೆ. ಹೊಲದ ಬದುವಿನ ಮೇಲೆ ಬಿಸಿಲಿಗೆ ಇಟ್ಟು ಮೇಲೊಂದು ಕಲ್ಲು ಹೇರಿದ್ದಾರಂತೆ. ಪಕ್ಕದ ಊರಿನಿಂದ ಇಂಥದ್ದನ್ನು ತೆಗೆಯುವವನು ನಾಳೆ ಬರುತ್ತಾನಂತೆ. ಅವನು ಬಂದು ಅದನ್ನು ಸುಡುವ ತನಕ ಯಾರೂ ಮುಟ್ಟಬಾರದಂತೆ.

ಆ ಹೊತ್ತಿಗೆ ನನಗೆ ಬಂದ ಮೊದಲ ವಿಚಾರವನ್ನು ಮುಚ್ಚಿಡದೆ ಹೇಳಬೇಕು. ಹೊಲಕ್ಕೆ ಹೋಗಿ ಡಬ್ಬಿ ಎತ್ತಿಕೊಂಡು, ಹಾಗೇ ಬಸ್ಸು ಹತ್ತಿಬಿಡೋಣ ಎನ್ನಿಸಿತು. ಒಂಟಿ ಹೆಂಗಸು, ಪರ ಊರಿನವಳು, ನಸುಕಿನಲ್ಲಿ ತಿಪ್ಪೆಯಲ್ಲಿ ಡಬ್ಬಿ ಹೂಳುತ್ತಿದ್ದಳು ಎಂದು ಊರಿಗೆ ಗೊತ್ತಾದರೆ ಏನೆಂದಾರು? ಕೋಣೆ ಹೋಗುತ್ತದೆ, ಕಾಲೇಜಿಗೆ ಸುದ್ದಿ ಮುಟ್ಟುತ್ತದೆ. ನನ್ನ ಕೆಲಸ ಗೊತ್ತಿದ್ದ ಒಬ್ಬಳೇ ಆಯಿ ಅಳ್ನಾವರದಲ್ಲಿದ್ದಳು. ಇನ್ನೊಂದು ಹೆದರಿಕೆಯೂ ಇತ್ತು, ಅದು ನನ್ನ ಓದಿನಿಂದಲೇ ಬಂದದ್ದು. ಬಿಸಿಯಲ್ಲಿ ಬೆಳೆಯುವ ಕೆಲವು ಬೂಷ್ಟು ಉಸಿರಿನಲ್ಲಿ ಹೋದರೆ ಎದೆಗೆ ಒಳ್ಳೆಯದಲ್ಲ ಎಂದು ಗೈಡ್ ಒಮ್ಮೆ ಹೇಳಿದ್ದರು. ಹದಿನೇಳು ಅಂಥದ್ದಲ್ಲ ಎಂದು ಗೊತ್ತಿದ್ದೂ ಸಂಶಯ ಹೋಗಲಿಲ್ಲ. ಸಲಿಕೆ ತಾಗಿ ನಳಿಗೆ ಒಡೆದಿದ್ದರೆ, ಆಗ ಆ ಮಗು ಅಲ್ಲೇ ಇದ್ದಳೇ?

"ಜ್ವರ ಯಾವಾಗ ಬಂತ್ರಿ ವೈನಿ? ಡಬ್ಬಿ ಸಿಕ್ಕ ಮ್ಯಾಲೆನ?"

ಅವಳು ಬೆರಳು ಮಡಿಚಿ ದಿನ ಎಣಿಸಿದಳು. "ಅದರ ಹಿಂದಿನ ದಿನಾನ ಮೈ ಬೆಚ್ಚಗಿತ್ತ್ರಿ. ಅಜ್ಜಿ ಇಲ್ಲ ಅಂತ ಅತ್ತಿದ್ಳು, ಅದಕ್ಕ ಅಂತ ತಿಳದಿದ್ದೆ."

ಅಷ್ಟಾದರೂ ಹಗುರಾಯಿತು. ಚಹಾ ಮುಗಿಸಿ, ಈಗ ಬಂದೆ ಎಂದು ಹೇಳಿ ಎದ್ದೆ. ಎಲ್ಲಿಗೆ ಹೊರಟಿದ್ದೆನೆಂದರೆ ಹೊಲದ ಕಡೆಗೇ.

ದಾರಿ ತಮ್ಮನ ಬಾಗಿಲ ಮುಂದಿನಿಂದಲೇ ಹೋಗುತ್ತಿತ್ತು. ಸಣ್ಣ ವೈನಿ ಹೊಸ್ತಿಲ ಒಳಗೆ ಕೂತು ಬಟ್ಟೆಗಳನ್ನು ಒಂದು ಗಂಟಾಗಿ ಕಟ್ಟುತ್ತಿದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ. ನನ್ನನ್ನು ನೋಡಿದವಳು ಮುಖ ತಿರುಗಿಸಲಿಲ್ಲ. ಮೂರು ದಿನದಿಂದ ಓಣಿಯವರೆಲ್ಲ ಅವಳನ್ನು ಕಂಡು ಮುಖ ತಿರುಗಿಸಿದ್ದರೆಂದು ಆಮೇಲೆ ತಿಳಿಯಿತು.

"ಬಮ್ಮಿಗಟ್ಟಿಗೆ ಹೊಂಟೀನ್ರಿ, ತೌರಿಗೆ," ಎಂದಳು. "ನಮ್ಮನಿಯವ್ರು ಸೈತ ಒಂದ ಸಲ ಕೇಳಿದ್ರು, ನೀನ ಏನರ ಮಾಡೀ ಏನು ಅಂತ. ಅಕ್ಕೋರ, ನೀವು ಕಲತವ್ರು. ನೀವರ ನಂಬ್ತೀರೇನ್ರಿ ನಾ ಮಾಡಿಲ್ಲ ಅಂತ?"

ಹೊಸ್ತಿಲ ಹೊರಗೆ ನೆಲದ ಮೇಲೆ ಕುಕ್ಕರಿಸಿದೆ.

"ನೀವು ಮಾಡಿಲ್ಲ. ಅದು ನಂದು," ಎಂದೆ. "ಡಬ್ಬಿ ನಂದ್ರಿ ವೈನಿ. ನಾನ ಹೂಳಿದ್ದೆ. ಕಾಲೇಜಿನ ಕೆಲಸದ್ದು."

ಅವಳು ಗಂಟು ಕಟ್ಟುತ್ತಿದ್ದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳಿಗೆ ಸಿಟ್ಟು ಬಂತು.

"ಮೂರು ದಿನಾ ಆತ್ರಿ! ಮೂರು ದಿನಾ ಅನ್ನ ಒಳಗ ಇಳದಿಲ್ಲ ನನಗ. ಬಾವಿಗೆ ಹೋದ್ರ ಹೆಣ್ಮಕ್ಳು ಹಗ್ಗ ಬಿಟ್ಟು ಸರಿತಾರ. ಒಂದ ಮಾತು ಹೇಳಿ ಇಡಾಕ ಏನಾಗಿತ್ರಿ ನಿಮಗ?"

ಅವಳು ಎದ್ದು ನನ್ನ ಮಣಿಕಟ್ಟು ಹಿಡಿದಳು. ಹಿಡಿತ ಬಿಗಿ ಇತ್ತು. "ಏಳ್ರಿ. ಬರ್ರಿ. ಆಕಿ ಮುಂದ ಹೇಳ್ರಿ." ಒಂದು ವರ್ಷದಿಂದ ತುಳಿಯದಿದ್ದ ಬಾಗಿಲಿಗೆ ನನ್ನನ್ನು ಎಳೆದುಕೊಂಡೇ ಹೋದಳು.

ಹಿರಿಯ ವೈನಿ ನಂಬಲಿಲ್ಲ. "ಈಕಿ ಅತ್ತಾಳ, ನಿಮಗ ಕರಳು ಚುರುಕ್ ಅಂದೈತಿ. ಈಕೀನ ಕಾಯಾಕ ಹೇಳಾಕತ್ತೀರಿ," ಎಂದಳು. ಮಾತಿನ ಸಪ್ಪಳಕ್ಕೆ ಕೊಟ್ಟಿಗೆಯಿಂದ ಹಿರಿಯರೂ ಬಂದರು. ಅವರು ಕಡಿಮೆ ಮಾತಿನ ಮನುಷ್ಯ. ನಾನು ಅವರ ಕಡೆ ತಿರುಗಿದೆ.

"ಅಣ್ಣಾರ, ಡಬ್ಬಿ ಇನ್ನೂ ನಾ ನೋಡಿಲ್ಲ. ಬಂದಾಕಿ ನೆಟ್ಟಗ ಇಲ್ಲೇ ಕೂತೀನಿ. ಮುಚ್ಚಳಕ್ಕ ಒಂಬತ್ತು ತೂತು ಅದಾವ, ಮೊಳೀಲೆ ಹೊಡದಿದ್ದು. ಆರು ನಳಗಿ. ಒಂದೊಂದರ ಮ್ಯಾಲೂ ಚೀಟಿ ಹಚ್ಚೀನಿ, ಹದಿನೇಳು ಅಂತ ಬರದೈತಿ. ಹೋಗಿ ನೋಡೂಣು ನಡೀರಿ."

ಅವರು ರುಮಾಲು ಹೆಗಲಿಗೆ ಹಾಕಿಕೊಂಡರು. "ನಡೀರಿ."

ನಾವು ನಾಲ್ವರೂ ಹೊರಟೆವು. ಮುಂದೆ ಅವರು, ಹಿಂದೆ ನಾನು, ನನ್ನ ಹಿಂದೆ ವೈನಿಯರಿಬ್ಬರೂ ದಾರಿಯ ಒಂದೊಂದು ಅಂಚಿಗೆ. ಹೊಲದ ತುಂಬ ಗೊಬ್ಬರದ ಗುಪ್ಪೆಗಳು ಸಾಲಾಗಿ ಬಿದ್ದಿದ್ದವು. ಬದುವಿನ ಮೇಲೆ, ಚಪ್ಪಡಿ ಕಲ್ಲಿನ ಕೆಳಗೆ ನನ್ನ ಡಬ್ಬಿ. ಹಿರಿಯರು ಕಲ್ಲು ಸರಿಸಿ ಹಿಂದೆ ನಿಂತರು. ನಾನು ಎತ್ತಿದೆ. ತಗಡು ಕೈ ಸುಡುವಷ್ಟು ಕಾದಿತ್ತು. ಮುಚ್ಚಳವನ್ನು ಅವರ ಮುಂದೆ ಹಿಡಿದೆ. ಅವರು ಬೆರಳಿಟ್ಟು ಗಟ್ಟಿಯಾಗಿ ಎಣಿಸಿದರು. ಒಂಬತ್ತು. ನಳಿಗೆಗಳಲ್ಲಿ ಎರಡು ಒಡೆದಿದ್ದವು, ನಾಲ್ಕು ಸರಿಯಿದ್ದವು. ಚೀಟಿಯ ಮೇಲೆ ಶಾಯಿ ಹರಡಿದ್ದರೂ ಅಂಕಿ ಕಾಣುತ್ತಿತ್ತು. ಅವರು ಒಂದನ್ನು ಬೆಳಕಿಗೆ ಹಿಡಿದು ಓದಿದರು.

"ಹದಿನೇಳು," ಎಂದರು. "ಖರೇ ಐತಿ."

ಹಿರಿಯ ವೈನಿ ಬದುವಿನ ಮೇಲೆ ಕೂತುಬಿಟ್ಟಳು. ಬೈಯುತ್ತಾಳೆಂದು ನಾನು ಸಜ್ಜಾಗಿದ್ದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಹಂಗಾರ ಯಾರೂ ಏನೂ ಮಾಡಿಲ್ಲೇನ್ರಿ? ನನ್ನ ಕೂಸಿಗೆ ಯಾರೂ ಕೆಟ್ಟ ಬಯಸಿಲ್ಲೇನು?"

"ಯಾರೂ ಇಲ್ರಿ ವೈನಿ. ಆ ರಕ್ತ ಅಂದಿದ್ದು ಬೂಷ್ಟಿನ ಬಣ್ಣ. ಕೂದಲ ಅಂದಿದ್ದೂ ಬೂಷ್ಟ."

ಅವಳು ಅತ್ತಷ್ಟೂ ಅವಳ ಹೆಗಲು ಸಡಿಲವಾಗುತ್ತಾ ಹೋಯಿತು. ಮೂರು ದಿನ ಅವಳು ಹೊತ್ತಿದ್ದು ಸಿಟ್ಟು ಎಂದು ನಾನು ತಿಳಿದಿದ್ದೆ. ಪೂರಾ ಹೆದರಿಕೆಯಾಗಿತ್ತು ಅದು. ಸಣ್ಣ ವೈನಿ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದವಳು ಕೊನೆಗೆ ಬಾಯಿ ತೆರೆದಳು. "ಆ ಕೂಸಿನ ನಾ ಎತ್ತಿ ಆಡಿಸೀನಿ ಅಕ್ಕಾ. ಗ್ವಾಡಿ ಕಟ್ಟಿದ್ದು ಗಂಡಸ್ರು."

ಹಿರಿಯಳು ತಪ್ಪಾಯಿತು ಎಂದು ಹೇಳಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿಯಲು ಕೂತಳು. ಮಧ್ಯಾಹ್ನ ನಾನು ನೋಡುತ್ತಿದ್ದಂತೆ ನಾಲ್ಕು ರೊಟ್ಟಿ, ಒಂದು ಬಟ್ಟಲು ಕಡಲೆಹಿಟ್ಟಿನ ಜುಣಕ ಗೋಡೆಯ ಮೇಲಿಂದ ಆಚೆ ಹೋದವು. "ತಿನ್ನು. ಮತ್ತ ತಲಿ ತಿರುಗಿ ಬಿದ್ದಗಿದ್ದೀ," ಎಂಬ ಗದರಿಕೆಯೂ ಜೊತೆಗೆ ಹೋಯಿತು. ಬಮ್ಮಿಗಟ್ಟಿಯ ಗಂಟು ಬಿಚ್ಚಿದ್ದು ಆಮೇಲೆ.

ಮರುದಿನ ಬೆಳಿಗ್ಗೆ ಮಗುವನ್ನು ನಾನೇ ಹಿರಿಯ ವೈನಿಯ ಜೊತೆ ಕಲಘಟಗಿಯ ಡಾಕ್ಟರರ ಹತ್ತಿರ ಕರೆದೊಯ್ದೆ. ಒಡೆದ ನಳಿಗೆಯ ವಿಷಯವನ್ನೂ ಹೇಳಿದೆ. ಅವರು ಎದೆಗೆ, ಬೆನ್ನಿಗೆ ಯಂತ್ರವಿಟ್ಟು ಕೇಳಿ, ಗಂಟಲು ನೋಡಿ, "ಎದಿ ಸ್ವಚ್ಛ ಐತಿ. ಮಳಿ ನೀರಾಗ ಆಡ್ಯಾಳ, ಅಷ್ಟ. ನಾಳಿ ನಾಡಿದ್ದು ಇಳಿತೈತಿ," ಎಂದರು. ಹಾಗೇ ಆಯಿತು. ಆ ಮಾತು ಕೇಳಿ ನಾನು ದವಾಖಾನೆಯ ಕಟ್ಟೆಯ ಮೇಲೆ ಕೂತು ಒಂದು ಸೋಡಾ ಕುಡಿದೆ. ಅಷ್ಟು ರುಚಿಯಾದ ಸೋಡಾ ಮತ್ತೆ ಕುಡಿದ ನೆನಪಿಲ್ಲ.

ಮಾಟ ತೆಗೆಯುವವನೂ ಮಾತಿನಂತೆ ಬಂದಿದ್ದ. ನಾವು ಮರಳಿದಾಗ ಹಿರಿಯರು ಅವನಿಗೆ ಚಹಾ ಕೊಟ್ಟು ಕೂರಿಸಿದ್ದರು. ಅವನು ನಳಿಗೆಯೊಂದನ್ನು ತಿರುಗಿಸಿ ಮುರುಗಿಸಿ ನೋಡಿ, ಗಂಭೀರವಾಗಿ ವಾಪಸು ಕೊಟ್ಟ. "ಇದು ನಮ್ಮ ಕಡಿಂದ ಆಗೂ ಕೆಲಸಲ್ರಿ. ಇದು ಕಾಲೇಜಿಂದು," ಎಂದ. ಇಡೀ ಊರಿನ ಬಾಯಿ ಮುಚ್ಚಿಸಲು ಅವನ ಆ ಒಂದೇ ಮಾತು ಸಾಕಾಯಿತು. ನಾನು ಎಷ್ಟು ವಿವರಿಸಿದ್ದರೂ ಆ ಕೆಲಸ ಆಗುತ್ತಿರಲಿಲ್ಲ.

ಆಯಿಗೆ ಸುದ್ದಿ ಮುಟ್ಟಿ ಎರಡು ದಿನಕ್ಕೇ ಅಳ್ನಾವರದಿಂದ ಬಂದಿಳಿದಳಂತೆ. ಮೊದಲು ಮಕ್ಕಳಿಗೆ, ಆಮೇಲೆ ಸೊಸೆಯರಿಗೆ, ಕೊನೆಗೆ ಸುಮ್ಮನಿದ್ದ ಓಣಿಗೆ ಸರಿಯಾಗಿ ಬೈದು, ಮಾರನೆಯ ದಿನ ಬಾಣಂತಿಯ ಹತ್ತಿರ ತಿರುಗಿ ಹೋದಳಂತೆ. ನಾನಾಗ ಧಾರವಾಡದಲ್ಲಿದ್ದೆ. ನನ್ನ ಪಾಲಿನ ಬೈಗುಳವನ್ನು ಅವಳು ಮಳೆಗಾಲದವರೆಗೆ ಜೋಪಾನವಾಗಿಟ್ಟುಕೊಂಡಿದ್ದಳು ಎಂಬುದು ಬೇರೆ ಮಾತು.

ನಾಲ್ಕು ನಳಿಗೆಗಳನ್ನು ಎದೆಗೆ ಅವಚಿಕೊಂಡೇ ಒಯ್ದಿದ್ದೆ. ಲ್ಯಾಬಿನಲ್ಲಿ ಸೂಜಿಯ ತುದಿಯಿಂದ ಒಂದೊಂದರಿಂದಲೂ ಚೂರು ತೆಗೆದು ಹೊಸ ಅಗರ್ ಮೇಲೆ ಹಚ್ಚಿದೆ. ನಳಿಗೆಗಳೊಳಗಿನ ಹಳೆ ಅಗರ್ ಒಣಗಿ ಚಕ್ಕೆಯಾಗಿತ್ತು. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆರೆಯಲು ಧೈರ್ಯವಾಗದೆ ಗೈಡ್ ಬರುವವರೆಗೂ ಕಾದೆ. ಅವರೇ ತೆರೆದರು. ಮೂರು ತಟ್ಟೆ ಬರಿದಾಗಿದ್ದವು. ನಾಲ್ಕನೆಯದರಲ್ಲಿ ಎಳ್ಳುಕಾಳಿನಷ್ಟು ಬಿಳಿಯ ಅರಳೆ ಎದ್ದಿತ್ತು. ಮರುದಿನಕ್ಕೆ ರೂಪಾಯಿಯಷ್ಟಾಯಿತು. ಆಮೇಲೆ ಬೂದು, ಆಮೇಲೆ ನೇರಳೆಗಪ್ಪು, ಕೆಳಗೆ ಅದೇ ಕೆಂಪು. ಗಂಜಿ ಬೆರೆಸಿದ ತಟ್ಟೆಯ ಮೇಲೆ ಅದನ್ನು ಬೆಳೆಸಿ ಅಯೋಡಿನ್ ಸುರಿದೆವು. ಗಂಜಿ ಇದ್ದ ಕಡೆಯೆಲ್ಲ ತಟ್ಟೆ ಕಡು ನೀಲಿಯಾಯಿತು. ಬೂಷ್ಟಿನ ಸುತ್ತ ಮಾತ್ರ ಅಗಲವಾದ ತಿಳಿ ಉಂಗುರ, ಗಂಜಿಯ ಕುರುಹೂ ಇಲ್ಲದ್ದು. ಗೈಡ್ ಸ್ಕೇಲು ಹಿಡಿದು ಅಳೆದರು, ಹಳೆಯ ಅಳತೆಯ ಪುಟ ತೆಗೆದು ಪಕ್ಕಕ್ಕಿಟ್ಟರು.

"ಅದ ಐತ್ರಿ," ಎಂದರು. ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು, "ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಫ್ರಿಜ್ಜಿನ ಕಡೆಗೊಮ್ಮೆ ನೋಡಿ, ಇನ್ನು ಮೇಲೆ ಒಂದು ಸೆಟ್ಟನ್ನು ಹೊರಗೇ, ಬೆಚ್ಚನೆಯ ಜಾಗದಲ್ಲಿ ಇಡಬೇಕೆಂದು ಅಟೆಂಡರಿಗೆ ಹೇಳಿದರು.

ನನ್ನ ಪ್ರಬಂಧ ಒಂದು ವರ್ಷ ತಡವಾಗಿ ಮುಗಿಯಿತು. ಹದಿನೇಳನ್ನು ಯಾವ ಗಿರಣಿಯೂ ಬಳಸಲಿಲ್ಲ. ಬೇರೆ ಯಾರೋ, ಬೇರೆ ಎಲ್ಲೋ ಹುಡುಕಿದ ಅಂಥ ಕಿಣ್ವಗಳು ಇವತ್ತು ಬಟ್ಟೆಯ ಕಾರ್ಖಾನೆಗಳಲ್ಲೂ ಸಾಬೂನಿನ ಪುಡಿಯಲ್ಲೂ ಇವೆ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಉಂಗುರ ಅಳೆದ ಆ ದಿನ, ಅಯೋಡಿನ್ ತೊಳೆದರೂ ಹೋಗದ ಕಂದು ಬೆರಳುಗಳೊಂದಿಗೆ ಸಂಜೆಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಧಾರವಾಡ ದಾಟುವುದರೊಳಗೆ ನಿದ್ದೆ ಹತ್ತಿತು. ಎರಡು ವಾರದ ನಿದ್ದೆ ಒಮ್ಮೆಲೇ ಬಂದಂತಿತ್ತು. ಕಂಡಕ್ಟರ್ ಅಲುಗಾಡಿಸಿ ಎಬ್ಬಿಸಿದಾಗ ನನ್ನ ಊರು ದಾಟಿ ಬಸ್ಸು ಮುಂದಿನ ಸ್ಟಾಪಿಗೆ ಬಂದಿತ್ತು. "ಎಷ್ಟ್ ಸಲ ಕೂಗ್ಬೇಕ್ರೀ ಅಕ್ಕಾರ!" ಎಂದು ಅವನು ಬೇಜಾರು ಮಾಡಿಕೊಂಡ. ಇಳಿದೆ. ಇನ್ನೂ ಬೆಳಕಿತ್ತು. ಎರಡು ಮೈಲಿ ಹಿಂದಕ್ಕೆ ನಡೆಯಬೇಕು. ಚಪ್ಪಲಿಯ ಉಂಗುಟ ಕಿತ್ತು ಹೋಗಿದ್ದರಿಂದ ಎರಡನ್ನೂ ಕೈಯಲ್ಲಿ ಹಿಡಿದು, ಮಳೆಗೆ ಮೆತ್ತಗಾದ ಮಣ್ಣಿನ ಮೇಲೆ ಬರಿಗಾಲಲ್ಲಿ ಆರಾಮಾಗಿ ನಡೆದುಬಂದೆ.